ಮಣಿ ಮೂರ್ತಿಗಳು

ನಮ್ಮ ಬಡಾವಣೆಯಲ್ಲಿ ಯಾರಾದರೂ ಜಪಮಾಲೆ ಕೊಳ್ಳಬೇಕೆಂದು ಮನಸ್ಸಿನಲ್ಲಿ ಅಂದುಕೊಂಡರೂ ಸಾಕು, ಮೂರ್ತಿಗಳಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಮಾರನೆಯ ದಿನ ಬೆಳಿಗ್ಗೆ ಹಾಲು ತರುವ ದಾರಿಯಲ್ಲಿ ಅಡ್ಡ ನಿಂತು, "ಅವಸರ ಮಾಡಬೇಡಿ, ನಾನೂ ಬರ್ತೀನಿ" ಅನ್ನುತ್ತಾರೆ. ಇಂಥವರು ಬಸವನಗುಡಿಯಲ್ಲಿ ಬೀದಿಗೊಬ್ಬರು, ಮಲ್ಲೇಶ್ವರದಲ್ಲಿ ಕ್ರಾಸಿಗೊಬ್ಬರು ಇರುವುದರಿಂದ ಪೂರ್ತಿ ಹೆಸರು ಬೇಕಾಗಿಲ್ಲ. ಬ್ಯಾಂಕಿನಿಂದ ನಿವೃತ್ತಿ, ಬಿಳಿ ಪಂಚೆ, ತೋಳು ಜೋಲುಬಿದ್ದ ಬನಿಯನ್ನು, ಬಲಗೈ ಸದಾ ಕೇಸರಿ ಬಣ್ಣದ ಗೋಮುಖಿ ಚೀಲದೊಳಗೆ. ಎಡಗೈ ಮಾತ್ರ ಲೌಕಿಕಕ್ಕೆ.

ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಗೆ ಅವರು ಕಾಲಿಟ್ಟರೆ ಅಂಗಡಿಯವನು ಮೊದಲು ಲೋಟದಲ್ಲಿದ್ದ ನೀರನ್ನು ಕುಡಿದು ಮುಗಿಸುತ್ತಾನೆ. ಇಲ್ಲದಿದ್ದರೆ ಮೂರ್ತಿಗಳು ಅದರೊಳಗೆ ರುದ್ರಾಕ್ಷಿ ಹಾಕಿಬಿಡುತ್ತಾರೆ. ಮುಳುಗಿದರೆ ಅಸಲಿ, ತೇಲಿದರೆ ನಕಲಿ ಎಂಬುದು ಲೋಕರೂಢಿ. ಚೆನ್ನಾಗಿ ಒಣಗಿದ ಅಸಲಿಯೂ ತೇಲಬಹುದು, ಗಟ್ಟಿ ಮರದಲ್ಲಿ ಕೆತ್ತಿದ ನಕಲಿಯೂ ಮುಳುಗಬಹುದು ಎಂದು ಅಂಗಡಿಯವನು ಎಷ್ಟು ಹೇಳಿದರೂ ಇವರು ಬಿಡುವುದಿಲ್ಲ. ನೀರಾದ ಮೇಲೆ ಎರಡು ತಾಮ್ರದ ಕಾಸು. ಮಧ್ಯೆ ಮಣಿ ಇಟ್ಟು ಒತ್ತಿದರೆ ಅದು ತಾನಾಗಿ ತಿರುಗಬೇಕಂತೆ. ಉಬ್ಬುತಗ್ಗು ಇರುವ ಯಾವ ವಸ್ತುವೂ ಹಾಗೆ ಒತ್ತಿದರೆ ತಿರುಗುತ್ತದೆ. ಒಮ್ಮೆ ಅಂಗಡಿಯವನು ಅದೇ ಕಾಸುಗಳ ನಡುವೆ ಒಂದು ಜಾಯಿಕಾಯಿ ಇಟ್ಟು ತಿರುಗಿಸಿ ತೋರಿಸಿದ. ಮೂರ್ತಿಗಳು ಗಂಭೀರವಾಗಿ, "ಜಾಯಿಕಾಯಿನೂ ಒಳ್ಳೇದೇ" ಅಂದರು.

"ಸ್ವಾಮಿ, ಇದು ಪಂಚಮುಖಿ. ಮರದಲ್ಲಿ ಬಿಡೋದರಲ್ಲಿ ಹೆಚ್ಚಿನಂಶ ಇದೇ. ಇದನ್ನ ನಕಲು ಮಾಡೋ ಖರ್ಚಲ್ಲಿ ಅಸಲಿ ಎರಡು ಬರತ್ತೆ. ಮೋಸ ನಡೆಯೋದು ಏಕಮುಖಿಯಲ್ಲಿ" ಎಂದು ಅವನು ಕೈಮುಗಿದ.

ಏಕಮುಖಿ ಅಂದದ್ದೇ ತಪ್ಪಾಯಿತು. ಅರ್ಧ ಗಂಟೆ ಉಪನ್ಯಾಸ. ರುದ್ರಾಕ್ಷಿಯ ಹಣ್ಣು ಕಡುನೀಲಿ. ಸಿಪ್ಪೆ, ತಿರುಳು ಕಳೆದರೆ ಉಳಿಯುವ ಓಟೆಯೇ ನಾವು ಕೊರಳಿಗೆ ಹಾಕುವುದು. ನೇಪಾಳದ್ದು ದಪ್ಪ, ಜಾವಾದಿಂದ ಬರುವುದು ಸಣ್ಣ, ಎಣಿಸಲು ಸಣ್ಣದೇ ಹಿತ. ಗೇರುಬೀಜದ ಆಕಾರದ್ದನ್ನು ಏಕಮುಖಿ ಎಂದು ಮಾರುತ್ತಾರೆ, ಅದರ ಜಾತಿಯೇ ಬೇರೆ. ಎರಡು ಮಣಿ ಅಂಟಿಸಿ ಗೌರೀಶಂಕರ ಅನ್ನುತ್ತಾರೆ. ಅಡ್ಡಕ್ಕೆ ಕೊಯ್ದು ಒಳಗಿನ ಬೀಜದ ಕೋಣೆಗಳನ್ನು ಎಣಿಸಿದರೆ ಮಾತ್ರ ಮುಖ ಎಷ್ಟೆಂಬುದು ಖಾತ್ರಿ. ಇದೆಲ್ಲ ನಿಜವೇ. ಮೂರ್ತಿಗಳ ಮಾಹಿತಿಯಲ್ಲಿ ಹುಳುಕು ಹಿಡಿಯಲು ಆಗುವುದಿಲ್ಲ, ಕೊಯ್ದ ರುದ್ರಾಕ್ಷಿಯನ್ನು ಯಾರು ಹಾಕಿಕೊಳ್ಳುತ್ತಾರೆ ಎಂಬುದೊಂದನ್ನು ಬಿಟ್ಟರೆ. ಅದಕ್ಕೂ ಅವರು ದಾರಿ ಕಂಡುಕೊಂಡರು. ಮೂಲೆಮನೆಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಿದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಬೇರು ಗಟ್ಟಿಯಾಗಿದೆ, ಸದ್ಯಕ್ಕೆ ಕೀಳೋದು ಬೇಡ" ಅಂದರಂತೆ.

ಸ್ಫಟಿಕದ ಪರೀಕ್ಷೆ ಇನ್ನೂ ದುಬಾರಿ. ಅಸಲಿ ಸ್ಫಟಿಕ ಕೈಗೆ ತಣ್ಣಗಿರುತ್ತದೆ, ಗಾಜಿಗಿಂತ ಗಡಸು, ಗಾಜಿನ ಮೇಲೆ ಗೀರಿದರೆ ಗೆರೆ ಬೀಳುತ್ತದೆ. ಮೂರ್ತಿಗಳು ಮನೆಗೆ ಬಂದು ಶೋಕೇಸಿನ ಗಾಜಿನ ಮೇಲೆ ಉದ್ದಕ್ಕೆ ಗೀರಿದರು. ಮಾಲೆ ಅಸಲಿ ಎಂದು ಸಾಬೀತಾಯಿತು. ಹೊಸ ಗಾಜಿಗೆ ಮಾಲೆಗಿಂತ ಹೆಚ್ಚು ಬಿತ್ತು.

ಈಗ ಅವರ ದೇವರಮನೆಯ ಗೋಡೆಗೆ ಒಂದು ಸಾಲು ಮೊಳೆ. ಒಂದೊಂದಕ್ಕೂ ಒಂದೊಂದು ಮಾಲೆ, ಕೆಳಗೆ ಚೀಟಿ. ರಾಮ, ಕೃಷ್ಣ, ನಾರಾಯಣನಿಗೆ ತುಳಸಿ. ಶಿವನಿಗೆ ರುದ್ರಾಕ್ಷಿ. ಲಕ್ಷ್ಮಿಗೆ ಕಮಲಾಕ್ಷಿ, ಅಂದರೆ ತಾವರೆಯ ಬೀಜ. ದೇವಿಗೆ ರಕ್ತಚಂದನ. ಅಕ್ಷಮಾಲಿಕೋಪನಿಷತ್ತಿನಲ್ಲಿ ಮಾಲೆಗೆ ಆಗಿಬರುವ ವಸ್ತುಗಳ ಪಟ್ಟಿಯೇ ಇದೆ: ಹವಳ, ಮುತ್ತು, ಸ್ಫಟಿಕ, ಶಂಖ, ಬೆಳ್ಳಿ, ಚಿನ್ನ, ಚಂದನ, ಪುತ್ರಜೀವಿ, ಕಮಲ, ರುದ್ರಾಕ್ಷಿ. ಮೂರ್ತಿಗಳು ಅದನ್ನು ಒಂದು ಹಾಳೆಯಲ್ಲಿ ಬರೆದು, ಕೊಂಡದ್ದಕ್ಕೆಲ್ಲ ಎದುರಿಗೆ ಗುರುತು ಹಾಕಿಟ್ಟಿದ್ದರು. ಅವರ ಮನೆಯಾಕೆ ಒಂದು ದಿನ ಆ ಹಾಳೆಯನ್ನು ಓದಿ, "ರೀ, ಚಿನ್ನದ್ದೊಂದು ಬಿಟ್ಟೇಬಿಟ್ಟಿದ್ದೀರಲ್ಲ. ಅದನ್ನೂ ತನ್ನಿ, ನೀವು ಜಪ ಮಾಡದೇ ಇರೋ ಹೊತ್ತಲ್ಲಿ ನಾನು ಹಾಕ್ಕೊಂಡಿರ್ತೀನಿ" ಅಂದರು. ಹಾಳೆ ಅಂದಿನಿಂದ ಕಾಣೆ.

ಎದುರುಮನೆಗೆ ವಿಜಯಪುರದ ಕಡೆಯ ಪಾಟೀಲರು ಬಾಡಿಗೆಗೆ ಬಂದಾಗ ಮೂರ್ತಿಗಳಿಗೆ ಹಬ್ಬ. ಗುರು, ಲಿಂಗ, ಜಂಗಮ, ವಿಭೂತಿ ಎಂದು ಅಷ್ಟಾವರಣಗಳನ್ನು ಬೆರಳು ಮಡಚಿ ಒಪ್ಪಿಸಿ, ಐದನೆಯದಕ್ಕೆ ನಿಂತು, "ನಿಮ್ಮ ರುದ್ರಾಕ್ಷಿ ಎಷ್ಟು ಮುಖದ್ದು? ಎಲ್ಲಿಂದ ತರಿಸಿದ್ದು?" ಎಂದು ಕೇಳಿದರು. ಪಾಟೀಲರು ಅಂಗಿಯ ಗುಂಡಿ ಬಿಚ್ಚಿ ತಾವೂ ಒಮ್ಮೆ ನೋಡಿಕೊಂಡು, "ಸಣ್ಣಾಂವ ಇದ್ದಾಗಿಂದ ಕೊರಳಾಗ ಐತ್ರೀ. ಎಷ್ಟು ಮುಖ ಅಂತ ನಾ ಎಣಿಸಿಲ್ಲ. ಅದೂ ಇಷ್ಟು ವರ್ಷ ನನ್ನ ಮುಖ ನೋಡಿ ಬ್ಯಾಸರ ಮಾಡ್ಕೊಂಡಿಲ್ಲ, ನಡದೈತಿ" ಅಂದರು. ಮೂರ್ತಿಗಳು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಪರೀಕ್ಷೆಯಾಗದ ರುದ್ರಾಕ್ಷಿಯೊಂದು ಎದುರುಮನೆಯಲ್ಲೇ ಇದೆಯೆಂದರೆ!

ಎಣಿಸಲು ಯಾವ ಮಾಲೆ ಶ್ರೇಷ್ಠವೆಂದು ಪುರೋಹಿತರನ್ನು ಕೇಳಿದ್ದೂ ಆಯಿತು. ಅವರು ಕೈ ಎತ್ತಿ ತೋರಿಸಿ, "ಬೆರಳಿನ ಗಿಣ್ಣುಗಳಿಲ್ಲವೇ? ಕರಮಾಲೆ ಅಂತ ಅದಕ್ಕೇ ಹೆಸರು. ಒಂದು ಸುತ್ತಿಗೆ ಹತ್ತು. ಖರ್ಚಿಲ್ಲ" ಅಂದುಬಿಟ್ಟರು. ಕೊಳ್ಳುವುದಕ್ಕೆ ಏನೂ ಇಲ್ಲದ ಪದ್ಧತಿಯೊಂದು ಶಾಸ್ತ್ರದಲ್ಲಿ ಇರುವುದು ಮೂರ್ತಿಗಳಿಗೆ ಸರಿಬರಲಿಲ್ಲ. ಪುರೋಹಿತರನ್ನು ಬದಲಾಯಿಸಿದರು.

ಮಾಲೆಯಲ್ಲಿ ನೂರೆಂಟು ಯಾಕೆ ಎಂದು ಅವರನ್ನು ಮಾತ್ರ ಕೇಳಬಾರದು. ಇಪ್ಪತ್ತೇಳು ನಕ್ಷತ್ರಕ್ಕೆ ನಾಲ್ಕು ಪಾದ ಅನ್ನುತ್ತಾರೆ. ಹನ್ನೆರಡು ರಾಶಿಗೆ ಒಂಬತ್ತು ಗ್ರಹ ಅನ್ನುತ್ತಾರೆ. ಮುಕ್ತಿಕೋಪನಿಷತ್ತು ಪಟ್ಟಿ ಮಾಡಿದ ಉಪನಿಷತ್ತುಗಳು 108, ಭೂಮಿಯಿಂದ ಸೂರ್ಯನ ದೂರ ಸೂರ್ಯನ ವ್ಯಾಸದ ಸುಮಾರು 108 ಪಟ್ಟು ಎಂದು ಬೆಳೆಸುತ್ತಾರೆ. ಆದರೆ ಅವರ ಮನಸ್ಸಿಗೆ ಹತ್ತಿರವಾದ ವಿವರಣೆ ಬೇರೆ. ಲೆಕ್ಕಕ್ಕೆ ನೂರೇ, ಉಳಿದ ಎಂಟು ಮಧ್ಯೆ ತಪ್ಪಿಹೋದದ್ದಕ್ಕೆ, ಮನಸ್ಸು ಅಲೆದದ್ದಕ್ಕೆ. "ಅಂದರೆ ವಸೂಲಾಗದ ಸಾಲಕ್ಕೆ ನಾವು ಪ್ರಾವಿಷನ್ ತೆಗೆದಿಡ್ತಿದ್ದೆವಲ್ಲ, ಅದೇ. ಶೇಕಡಾ ಎಂಟು!" ಹೇಳುವಾಗ ಅವರ ಕಣ್ಣಿನಲ್ಲಿ ನಿಜವಾದ ಭಕ್ತಿ ಕಾಣುತ್ತದೆ.

ಲೆಕ್ಕದ ವಿಷಯದಲ್ಲಿ ಅವರನ್ನು ಅಲ್ಲಾಡಿಸಲಾಗದು. ಮಂತ್ರವನ್ನು ಮಾಲೆ ಎಣಿಸುತ್ತದೆ. ಮಾಲೆಯನ್ನು ಎಣಿಸಲು ಅಣ್ಣನ ಮಗ ತಂದುಕೊಟ್ಟ, ಬೆರಳಿಗೆ ಹಾಕುವ ಕೌಂಟರ್ ಇದೆ. ಕೌಂಟರನ್ನು ನಂಬದೆ ಒಂದು ಉದ್ದ ನೋಟುಪುಸ್ತಕ. ರಾತ್ರಿ ಮೂರೂ ತಾಳೆಯಾಗಬೇಕು. ಆಗದಿದ್ದರೆ ಹೆಚ್ಚಾದ ಮಂತ್ರಗಳು ಸಸ್ಪೆನ್ಸ್ ಖಾತೆಗೆ ಹೋಗುತ್ತವೆ. ಇಸ್ಕಾನಿನವರು ದಿನಕ್ಕೆ ಹದಿನಾರು ಮಾಲೆ ಮಾಡುತ್ತಾರೆಂದು ಯಾರೋ ಹೇಳಿದಾಗ ಇವರು ಮಂತ್ರದ ಬಗ್ಗೆ ಏನೂ ಕೇಳಲಿಲ್ಲ. "1728 ಆಯಿತು. ರಿಜಿಸ್ಟರ್ ಯಾರು ಬರೀತಾರೆ?" ಅಂದರು. ರಾಜಾಜಿನಗರದ ಆ ದೇವಸ್ಥಾನದಲ್ಲಿ 108 ಮೆಟ್ಟಿಲುಗಳಿವೆ, ಮೆಟ್ಟಿಲಿಗೊಮ್ಮೆ ಮಂತ್ರ ಹೇಳುತ್ತಾ ಹೋಗಬೇಕು. ಮೂರ್ತಿಗಳು ನಡುವೆ ನಿಂತು, "ಇದರಲ್ಲಿ ಮೇರುಮಣಿ ಎಲ್ಲಿ? ಮೇರು ದಾಟಬಾರದು. ಕೊನೆ ಮೆಟ್ಟಿಲೇ ಮೇರು ಅಂದರೆ ದರ್ಶನ ಮಾಡದೇ ವಾಪಸು ತಿರುಗಬೇಕಾಗತ್ತಲ್ಲ?" ಎಂದು ಗೊಂದಲಕ್ಕೆ ಬಿದ್ದರು. ಹಿಂದಿದ್ದ ಸರದಿ ಹರೇ ಕೃಷ್ಣ ಅನ್ನುವುದನ್ನು ನಿಲ್ಲಿಸಿ ಬೇರೆ ಏನೇನೋ ಅನ್ನತೊಡಗಿತು.

ಇಷ್ಟಾಗಿ ಜಪ? ಮಾಡುತ್ತಾರೆ. ಬೆಳಿಗ್ಗೆ ಆರರಿಂದ ಏಳೂವರೆ. ಜಪದಲ್ಲಿ ಮೂರು ಬಗೆ: ಗಟ್ಟಿಯಾಗಿ ಹೇಳುವ ವಾಚಿಕ, ತುಟಿ ಮಾತ್ರ ಅಲ್ಲಾಡುವ ಉಪಾಂಶು, ಮನಸ್ಸಿನಲ್ಲೇ ನಡೆಯುವ ಮಾನಸ. ಮಾನಸವೇ ಶ್ರೇಷ್ಠವೆಂದು ಮೂರ್ತಿಗಳು ಅದನ್ನೇ ಹಿಡಿದಿದ್ದಾರೆ. ಇದರಿಂದ ಬಾಯಿ ಖಾಲಿ ಉಳಿಯಿತು. ಮಾತಾಡುವಂತಿಲ್ಲ. ಹಾಗಾಗಿ ನಾಲ್ಕನೆಯ ಬಗೆಯೊಂದನ್ನು ಅವರೇ ರೂಢಿಗೆ ತಂದರು, ಹೂಂಕಾರ ಜಪ. ಗಿಡ್ಡ "ಉಂ" ಅಂದರೆ ಬಾಗಿಲಲ್ಲಿ ಯಾರೋ ಇದ್ದಾರೆ. "ಉಂ ಉಂ" ಅಂದರೆ ಪೇಪರಿನವನು ಸ್ಪೋರ್ಟ್ಸ್ ಪುಟ ಹಾಕಿಲ್ಲ. ಉದ್ದಕ್ಕೆ ಎಳೆದು ಕೊನೆಯಲ್ಲಿ ಮೇಲಕ್ಕೆ ಹೋಗುವ "ಊಂಂಂ" ಅಂದರೆ ಹಾಲು ಉಕ್ಕುತ್ತಿದೆ. ಮನೆಯಾಕೆಗೆ ಈ ಭಾಷೆ ಸಲೀಸು. ಮೊದಮೊದಲು ಸೊಸೆ ಮಾತ್ರ ತಪ್ಪು ತಿಳಿದು, ಗ್ಯಾಸ್ ಆರಿಸುವುದರ ಬದಲು ಗೇಟು ತೆಗೆದಿದ್ದುಂಟು.

ಇನ್ನು ಆ ತೋರುಬೆರಳು. ಮಾಲೆಯನ್ನು ನಡುಬೆರಳ ಮೇಲಿಟ್ಟು ಹೆಬ್ಬೆರಳಿನಿಂದ ಎಳೆಯಬೇಕು, ತರ್ಜನಿ ಮುಟ್ಟಬಾರದು. ಅದು ಅಹಂಕಾರದ ಬೆರಳು, ಇನ್ನೊಬ್ಬರ ಕಡೆ ತೋರಿಸುವ ಬೆರಳು ಅನ್ನುತ್ತಾರೆ. ಅದಕ್ಕೇ ಚೀಲದಲ್ಲಿ ಒಂದು ತೂತು, ತರ್ಜನಿ ಅದರಿಂದ ಹೊರಗೆ. ಒಳಗೆ ಕೆಲಸವಿಲ್ಲದ ಆ ಬೆರಳು ಹೊರಗೆ ಇಡೀ ಮನೆಯ ಆಡಳಿತ ವಹಿಸಿಕೊಂಡಿದೆ. ಕೆಲಸದವಳಿಗೆ ಗುಡಿಸದ ಮೂಲೆ ತೋರಿಸುವುದು ಅದೇ, ಮಗನಿಗೆ ಗಡಿಯಾರ ತೋರಿಸುವುದು ಅದೇ, ಫ್ಯಾನಿನ ಸ್ವಿಚ್ಚಿನ ಕಡೆ ತಿರುಗುವುದೂ ಅದೇ. ಚೀಲದೊಳಗೆ ನಾರಾಯಣ, ಚೀಲದ ಹೊರಗೆ ಬ್ರಾಂಚ್ ಮ್ಯಾನೇಜರ್. ಅಪಾರ್ಟ್‌ಮೆಂಟಿನವರು ಲಿಫ್ಟ್ ರಿಪೇರಿಯ ವಂತಿಗೆಗೆ ಬಂದಾಗ ಮಾತ್ರ ಬೆರಳೂ ಒಳಗೆ ಹೋಗುತ್ತದೆ. ಕಣ್ಣು ಮುಚ್ಚುತ್ತದೆ. ಅವತ್ತಿನ ಏಕಾಗ್ರತೆಯನ್ನು ಋಷಿಗಳು ನೋಡಬೇಕಿತ್ತು.

ಇವರನ್ನು ಡಾಂಭಿಕರು ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಡಾಂಭಿಕನಿಗೆ ನೋಡುವವರು ಬೇಕು. ಇವರು ಯಾರೂ ನೋಡದಾಗಲೂ ಮಣಿಗಳಿಗೆ ಮೃದುವಾದ ಬ್ರಷ್ಷಿನಲ್ಲಿ ಧೂಳು ಕೊಡವಿ, ಒಂದು ಹನಿ ಗಂಧದೆಣ್ಣೆ ಸವರುತ್ತಾ ಕೂತಿರುತ್ತಾರೆ. ಅವರ ಪ್ರೀತಿ ಏರ್ಪಾಟಿನ ಮೇಲೆ. ಮದುವೆಗಿಂತ ಚಪ್ಪರದ ಮೇಲೆ ಆಸೆ ಇರುವವರಿಲ್ಲವೇ, ಹಾಗೆ.

ಕಳೆದ ಶ್ರಾವಣದಲ್ಲಿ ಜಪದ ನಡುವೆಯೇ ದಾರ ಕಿತ್ತುಹೋಯಿತು. ಮಣಿಮಣಿಗೂ ನಡುವೆ ಗಂಟು ಹಾಕಿಸಿದ್ದರೆ ಒಂದೆರಡು ಉದುರುತ್ತಿದ್ದವು, ಅಷ್ಟೇ. ಗಂಟು ಬೇಕೋ ಬೇಡವೋ ಎಂಬ ವಿಚಾರಣೆ ಇನ್ನೂ ಮುಗಿದಿರಲಿಲ್ಲವಾಗಿ ಗಂಟಿಲ್ಲದೆ ಪೋಣಿಸಿದ್ದರು. ಇಡೀ ಮಾಲೆ ಹಜಾರದ ತುಂಬ ಉರುಳಿತು. ಮೌನ ಮುರಿಯುವಂತಿಲ್ಲ. ಮೂರ್ತಿಗಳ "ಊಂಂಂ" ಕೇಳಿ ಸೊಸೆ ಓಡಿಹೋಗಿ ಗ್ಯಾಸ್ ಆರಿಸಿದಳು. ಆಮೇಲೆ ಎಲ್ಲರೂ ನೆಲಕ್ಕೆ. ಸೋಫಾದ ಕೆಳಗೆ, ಫ್ರಿಜ್ಜಿನ ಹಿಂದೆ, ಚಪ್ಪಲಿ ಸ್ಟ್ಯಾಂಡಿನಲ್ಲಿ ಹುಡುಕಿದ್ದಾಯಿತು. ಮೇರು ಸಿಕ್ಕಿತು. ಮಿಕ್ಕವನ್ನು ಹತ್ತತ್ತರ ಗುಡ್ಡೆ ಮಾಡಿ ಎಣಿಸಿದರೆ ನೂರೇಳು. ಮತ್ತೊಮ್ಮೆ ಎಣಿಸಿದರೂ ನೂರೇಳು.

"ಹೋಗಲಿ ಬಿಡ್ರೀ. ನೂರೇಳು ಮಣಿ ಎಣಿಸಿ, ಒಂದು ಸಲ ಸುಮ್ಮನೆ ಹೇಳಿಕೊಳ್ಳಿ. ದೇವರೇನು ಆಡಿಟ್ ಮಾಡ್ತಾನಾ?" ಎಂದರು ಮನೆಯಾಕೆ.

ಮೂರ್ತಿಗಳು ಮೌನ ಮುರಿದರು. "ಅವನಲ್ಲದೆ ಇನ್ಯಾರೇ ಮಾಡ್ತಾರೆ?"

ಕ್ಯಾಷ್ ತಾಳೆಯಾಗದೆ ಕೌಂಟರಿನ ಬಾಗಿಲು ಹಾಕಿ ಗೊತ್ತಿಲ್ಲದ ಮನುಷ್ಯ. ಎರಡು ದಿನ ಕಸದ ಮೊರ ಅವರ ಕಣ್ಣ ಮುಂದೆ ಹಾದೇ ಹೊರಗೆ ಹೋಗಬೇಕಾಯಿತು. ಕಳೆದ ಮಣಿಗೆ ಬದಲು ಹೊಸದು ಸೇರಿಸಬಹುದೇ, ಸೇರಿಸಿದರೆ ಹಳೆಯ ನೂರೇಳರ ಜಪದ ಫಲ ಅದಕ್ಕೂ ಸಲ್ಲುತ್ತದೆಯೇ ಎಂದು ನನಗೆ ಬೆಳಗಿನ ಜಾವವೇ ಫೋನು ಬಂತು. ಬಡ್ಡಿ ಯಾವ ತಾರೀಕಿನಿಂದ ಎಂಬ ಧಾಟಿಯಲ್ಲೇ ಕೇಳಿದರು.

ಮೂರನೆಯ ದಿನ ನಾನು ಹೋದಾಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಅಜ್ಜಿ, ಮೊಮ್ಮಗ ಆಡುತ್ತಿದ್ದರು. ಅಜ್ಜಿಯ ಕಾಯಿ ಹುಣಸೆಬೀಜ. ಮೊಮ್ಮಗನವು ಮೂರು ಗುಂಡಿ, ಒಂದು ರುದ್ರಾಕ್ಷಿ. ಮೂರ್ತಿಗಳು ಹೊಸ ತುಳಸಿಮಾಲೆಯ ಜಪದಲ್ಲಿ ಕೂತು, ಕಣ್ಣು ಅರ್ಧ ತೆರೆದು ಅದನ್ನೇ ನೋಡುತ್ತಿದ್ದರು. ಚೀಲದ ತೂತಿನಿಂದ ತರ್ಜನಿ ನೆಟ್ಟಗೆ ನಿಂತಿತ್ತು.

"ತಾತ, ಈಗ ಕೇಳ್ಬೇಡ. ಇನ್ನೆರಡು ಮನೆ ಹೋದರೆ ಅದು ಹಣ್ಣಾಗತ್ತೆ" ಅಂದ ಹುಡುಗ.

ಮೂರ್ತಿಗಳಿಗೆ ಆಟದ ಕಾಯಿದೆ ಚೆನ್ನಾಗಿ ಗೊತ್ತು. "ಉಂ ಉಂ" ಅಂದರು. ಬೆರಳು ಬಲಕ್ಕೆ ತಿರುಗಿ ಗುಂಡಿಯೊಂದನ್ನು ತೋರಿಸಿತು. ಹುಡುಗ ರುದ್ರಾಕ್ಷಿಯನ್ನು ಇದ್ದಲ್ಲೇ ಬಿಟ್ಟು ಗುಂಡಿ ನಡೆಸಿದ.

"ಜಪದಲ್ಲಿ ಕೂತು ಕಾಯಿ ಹೇಳಿಕೊಡೋ ಹಾಗಿಲ್ಲ" ಎಂದು ಅಜ್ಜಿ ಕವಡೆಗಳನ್ನು ಕುಲುಕಿ ಹಾಕಿದರು. ಚೌಕ ಬಿತ್ತು. ಹುಣಸೆಬೀಜ ನಾಲ್ಕು ಮನೆ ನಡೆದು ಬಂದು ರುದ್ರಾಕ್ಷಿಯನ್ನು ಕಡಿಯಿತು.