ಜೇಬಿನ ಚೂರಿ ಸಂಘ

(ಭಾನುವಾರ. ಮಾರತ್ತಹಳ್ಳಿ ಸೇತುವೆ ಹತ್ತಿರದ ಎಳನೀರು ಗಾಡಿ. ಮೂವರು ಸಾಫ್ಟ್‌ವೇರ್ ಚೂರಿಪ್ರಿಯರು ಜೇಬು ಬಿಚ್ಚಿದ್ದಾರೆ.)

ಒಂದನೆಯವರು: ಫ್ರಾನ್ಸಿನ ಒಪಿನೆಲ್. 1890ರಿಂದ ಇದೇ ಮರದ ಹಿಡಿ. ದಿನಾ ಜೇಬಲ್ಲಿರಲೇಬೇಕು.

ಎರಡನೆಯವರು: ನನ್ನದು ಸ್ವಿಸ್. 1891ರಲ್ಲಿ ಸೈನಿಕರಿಗೆ ಕೊಟ್ಟಿದ್ದು, ಬಂದೂಕು ಬಿಚ್ಚೋಕೆ, ಡಬ್ಬಿ ತೆರೆಯೋಕೆ.

ಎಳನೀರಿನವ: ನೀವೇನು ತೆರೀತೀರಿ ಸಾರ್?

ಎರಡನೆಯವರು: ಕೊರಿಯರ್ ಡಬ್ಬಿ. ಒಳಗೆ ಇನ್ನೊಂದು ಚೂರಿ ಇರುತ್ತೆ.

ಮೂರನೆಯವರು: ನಮ್ಮ ಕೊಡಗಿನ ಪೀಚೆಕತ್ತಿ ನೋಡಿ. ಬೆಳ್ಳಿ ಕೆಲಸದ ಒರೆ, ಸೊಂಟದ ಚೇಲೆಗೆ ಸಿಕ್ಕಿಸೋದು.

ಎಳನೀರಿನವ: ದಿನಾನಾ?

ಮೂರನೆಯವರು: ಮದುವೆಗೆ. ದಿನಾ ತಂದರೆ ಆಫೀಸ್ ಗೇಟಲ್ಲಿ ಬಿಡಬೇಕಲ್ಲ!

ಒಂದನೆಯವರು: ನಮ್ಮದೂ ಗೇಟಲ್ಲೇ ಇರುತ್ತೆ. ಬೆಳಿಗ್ಗೆ ಕೊಟ್ಟು ಸಂಜೆ ತಗೋತೀವಿ.

ಎಳನೀರಿನವ: ಅಂದ್ರೆ ದಿನವೆಲ್ಲ ಚೂರಿ ಇಟ್ಕೊಳ್ಳೋನು ಸೆಕ್ಯುರಿಟಿ ಅಣ್ಣ!

ಎರಡನೆಯವರು: ಕಾನೂನು ಗೊತ್ತೇನಪ್ಪಾ? ಅಲಗು 9 ಇಂಚು ಉದ್ದ, ಇಲ್ಲಾ 2 ಇಂಚು ಅಗಲ ಮೀರಿದ್ರೆ ಶಸ್ತ್ರಾಸ್ತ್ರ ನಿಯಮದಲ್ಲಿ ಅದು ಆಯುಧ.

ಎಳನೀರಿನವ: ಅಯ್ಯೋ, ನನ್ನ ಮಚ್ಚು?

ಎರಡನೆಯವರು: ಮನೆಗೆಲಸ, ಬೇಸಾಯಕ್ಕೆ ಅಂತ ಮಾಡಿದ್ದಕ್ಕೆ ಅದು ಅನ್ವಯಿಸಲ್ಲ.

ಎಳನೀರಿನವ: ದುಡಿಯೋ ಕತ್ತಿಗೆ ರಿಯಾಯಿತಿ! ಒಳ್ಳೇ ಕಾನೂನು. ಬನ್ನಿ, ಈ ಕಾಯಿ ನಿಮ್ಮ ಚೂರೀಲೇ ಕೆತ್ತಿ.

ಒಂದನೆಯವರು: ಬೇಡಪ್ಪ, ಅಲಗಿಗೆ ಕಲೆಯಾಗುತ್ತೆ!

ಎರಡನೆಯವರು: ಗ್ಯಾರಂಟಿ ಹೋಗುತ್ತೆ!

ಮೂರನೆಯವರು: ತಾತನ ಕಾಲದ್ದು!

(ಮಚ್ಚಿನ ಮೂರೇಟು. ಮೂರು ಕಾಯಿ ರೆಡಿ.)

ಎಳನೀರಿನವ: ಗಂಜಿ ಬೇಕಾ?

ಮೂವರೂ: ಬೇಕು, ನೀವೇ ಸೀಳಿಕೊಡಿ.

ಎಳನೀರಿನವ: ಚೂರಿ ಇಟ್ಕೊಳ್ಳೋದು ತಪ್ಪಲ್ಲ ಸಾರ್. ವಾರಕ್ಕೊಂದು ನಿಂಬೆಹಣ್ಣಾದರೂ ಕುಯ್ಯಿರಿ!