ಫಾಂಟು ಹುಡುಕಿ ಹೊರಟ ಕವಿ

ಮುದನಾಳದಂಥ ಊರಲ್ಲಿ ಕವಿಯಾಗಿರುವುದು ಸುಖದ ಕೆಲಸ. ಯಾರೂ ಓದುವುದಿಲ್ಲವಾದ್ದರಿಂದ ಯಾರೂ ಬೈಯುವುದೂ ಇಲ್ಲ. ಈ ಸುಖ ಸಾಲದೆ, ನನ್ನ ಸಂಕಲನ ಪುಸ್ತಕವಾಗಿ, ವೆಬ್‌ಸೈಟಾಗಿ, ಆ್ಯಪ್ ಆಗಿ, ಇ-ಪುಸ್ತಕವಾಗಿ ನಾಲ್ಕೂ ಕಡೆಯಿಂದ ಒಮ್ಮೆಲೇ ಕನ್ನಡಿಗರ ಮೇಲೆ ಬೀಳಲಿ ಎಂದು ತೀರ್ಮಾನಿಸಿದೆ. ಇಂಟರ್‌ನೆಟ್ಟಿನಲ್ಲಿ ಒಂದು ಫಾಂಟೂ ಮನಸ್ಸಿಗೆ ಹಿಡಿಸಿತ್ತು. ಒತ್ತಕ್ಷರಗಳು ಮದುಮಗಳ ಜಡೆಯಷ್ಟು ಉದ್ದ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ. ಅಲ್ಲಿಂದ ಬೆಂಗಳೂರಿನ ಮಗಳಿಗೆ ಫೋನ್ ಹಚ್ಚಿದೆ. ಪಕ್ಕದಲ್ಲಿ ನನ್ನ ಹೆಂಡತಿ ತೊಗರಿ ಹಸನು ಮಾಡುತ್ತಿದ್ದಳು.

"ಅಪ್ಪಾ, ಅದರ ಲೈಸೆನ್ಸ್ ಯಾವುದದ?" ಎಂದಳು ಮಗಳು.

ಬಂದೂಕಿಗೆ ಕೇಳಿದ್ದೆ, ಸೇಂದಿ ಅಂಗಡಿಗೆ ಕೇಳಿದ್ದೆ. ಅಕ್ಷರಕ್ಕೆ ಕೇಳಿರಲಿಲ್ಲ. ನಮ್ಮ ಕಡೆ ಫಾಂಟೆಂದರೆ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ವಸ್ತು. ಮಗಳು ಬಿಡಿಸಿ ಹೇಳಿದಳು. ಫಾಂಟನ್ನು ಯಾರೂ ಕೊಳ್ಳುವುದಿಲ್ಲ, ಬಳಸುವ ಅನುಮತಿ ಕೊಳ್ಳುತ್ತಾರೆ. ಅಚ್ಚಾದ ಪುಸ್ತಕದಲ್ಲಿ ಅಕ್ಷರದ ರೂಪವಷ್ಟೇ ಹೋಗುತ್ತದೆ. ಅದಕ್ಕೆ ಡೆಸ್ಕ್‌ಟಾಪ್ ಲೈಸೆನ್ಸ್ ಸಾಕು. ಎಷ್ಟು ಕಂಪ್ಯೂಟರಿನಲ್ಲಿ ಹಾಕಿಕೊಂಡಿರಿ ಎಂಬುದು ಅದರ ಲೆಕ್ಕ. ಉಳಿದ ಮೂರರಲ್ಲಿ ಫಾಂಟಿನ ಕಡತವೇ ಎದ್ದು ಓದುಗರ ಕಡೆ ಹೋಗುತ್ತದೆ. ಆದ್ದರಿಂದ ಅವುಗಳ ಲೈಸೆನ್ಸು ಬೇರೆ, ದುಡ್ಡೂ ಬೇರೆ.

"ಗೊತ್ತಾಯ್ತು ಬಿಡು" ಎಂದಳು ಹೆಂಡತಿ, ಮೊರ ಕೆಳಗಿಡದೆ. "ನಮ್ಮ ಹಂಡೆ ಮದುವಿಗಿ ಅಂತ ಒಯ್ದು, ಮೈಲಾಪುರ ಜಾತ್ರ್ಯಾಗ ಉಪ್ಪಿಟ್ಟು ಮಾಡಿ ಮಾರಿ ಬಂದ್ರಲ್ಲ, ಹಂಗ."

ನನಗೆ ಅರ್ಧ ಗಂಟೆ ಹಿಡಿದದ್ದು ಅವಳಿಗೆ ಒಂದು ಹಂಡೆಯಲ್ಲಿ ಮುಗಿಯಿತು.

ವೆಬ್ ಲೈಸೆನ್ಸಿನ ದರ ಸಾಮಾನ್ಯವಾಗಿ ತಿಂಗಳಿಗೆ ಎಷ್ಟು ಪುಟ ವೀಕ್ಷಣೆ ಎಂಬುದರ ಮೇಲೆ. ಹತ್ತು ಸಾವಿರ ದಾಟಿದರೆ ಮುಂದಿನ ದರ ಎಂದು ಓದಿ ನನಗೆ ನಿಜಕ್ಕೂ ಚಿಂತೆ ಹತ್ತಿತು.

"ದಾಟಿಬಿಟ್ರ ಏನು ಮಾಡೋದು?"

"ಅಲ್ಲ್ರೀ, ಹೋದ ಸಲ ಫೇಸ್‌ಬುಕ್ಕಿನ್ಯಾಗ ಕವನ ಹಾಕಿದ್ರಿ. ಲೈಕ್ ಒತ್ತಿದವರು ನಾನು, ನಿಮ್ಮ ತಮ್ಮ. ಅವನೂ ಬೆರಳು ತಾಗಿ ಒತ್ತೇನಿ ಅಂದ."

ಆ್ಯಪಿನ ಲೈಸೆನ್ಸು ಪ್ರತಿ ಆ್ಯಪಿಗೆ ಒಂದರಂತೆ. ದಿನಾ ಬೆಳಿಗ್ಗೆ ಒಂದು ಕವನ ತಾನಾಗಿಯೇ ಮೊಬೈಲಿಗೆ ಬರುವ ನನ್ನ ಯೋಜನೆ ವಿವರಿಸಿದೆ. ಅದನ್ನು ಬಂದ್ ಮಾಡುವುದು ಹೇಗೆ ಎಂದಷ್ಟೇ ಹೆಂಡತಿ ಕೇಳಿದಳು. ಇ-ಪುಸ್ತಕದ್ದು ಹೆಚ್ಚಾಗಿ ಒಂದು ಶೀರ್ಷಿಕೆಗೆ ಒಂದು ಲೈಸೆನ್ಸು. ಎರಡನೇ ಸಂಕಲನಕ್ಕೆ ಮತ್ತೆ ದುಡ್ಡು ಕಟ್ಟಬೇಕು ಎಂದಾಗ ಅವಳ ಮುಖದಲ್ಲಿ ಮೊದಲ ಬಾರಿ ಫಾಂಟು ಮಾಡಿದವರ ಬಗ್ಗೆ ಗೌರವ ಕಂಡಿತು.

ನಾನೂ ಜಾಣತನ ತೋರಿಸಿದೆ. ವಿಂಡೋಸ್ ಜೊತೆ ಬಂದ ತುಂಗಾ ಇದೆಯಲ್ಲ, ಅದಕ್ಕೇನು ಬೇರೆ ದುಡ್ಡೇ? ಅದರಲ್ಲಿ ಪುಸ್ತಕ ಅಚ್ಚು ಹಾಕಿಸಬಹುದು, ಆದರೆ ಆ ಕಡತವನ್ನು ವೆಬ್‌ಸೈಟಿಗೆ ಏರಿಸಲು, ಆ್ಯಪಿನೊಳಗೆ ತುಂಬಲು ಬರುವುದಿಲ್ಲ ಎಂದಳು ಮಗಳು. ಫಾಂಟ್ ಕಡತದ ಪ್ರಾಪರ್ಟೀಸ್ ತೆರೆದರೆ ಎಂಬೆಡಬಿಲಿಟಿ ಎಂಬ ಸಾಲಿರುತ್ತದೆ ಎಂದೂ ತೋರಿಸಿಕೊಟ್ಟಳು. ಒಂದರಲ್ಲಿ ಎಡಿಟಬಲ್, ಒಂದರಲ್ಲಿ ಇನ್‌ಸ್ಟಾಲಬಲ್, ಇನ್ನೊಂದರಲ್ಲಿ ಪೂರಾ ನಿರ್ಬಂಧ. ಅದು ಬರೀ ಸೂಚನೆ, ಕೊನೆಯ ಮಾತು ಲೈಸೆನ್ಸ್ ಪತ್ರದ್ದೇ. ಆ ಪತ್ರವನ್ನು ನಾನು ಓದಲು ಕೂತೆ. ಯಾದಗಿರಿಯ ಬಿಸಿಲು, ಇಂಗ್ಲಿಷಿನ ಕಾನೂನು. ಎರಡನೇ ಪುಟಕ್ಕೆ ನಿದ್ದೆ ಬಂತು.

ಕೊನೆಗೆ ಮಗಳೇ ದಾರಿ ತೋರಿಸಿದಳು. ನೋಟೊ ಸಾನ್ಸ್ ಕನ್ನಡ, ಎಕ್ ಟೈಪ್‌ನವರ ಬಾಲೂ ತಮ್ಮ, ಟಿರೊ ಕನ್ನಡ, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಕೂಡಿ ಮಾಡಿದ ಅಕಾಯಾ ಕನಡಕ, ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನವು. ಎಸ್‌ಐಎಲ್ ಸಂಸ್ಥೆ 2007ರಲ್ಲಿ ಅದರ 1.1ನೇ ಆವೃತ್ತಿ ಹೊರತಂದಿತು. ಪುಸ್ತಕ, ವೆಬ್, ಆ್ಯಪ್, ಇ-ಪುಸ್ತಕ ನಾಲ್ಕಕ್ಕೂ ಅದೊಂದೇ ಸಾಕು, ದುಡ್ಡೂ ಇಲ್ಲ. ಕಡತ ಹಂಚುವಾಗ ಲೈಸೆನ್ಸ್ ಪತ್ರ ಜೊತೆಗಿರಬೇಕು. ಫಾಂಟನ್ನು ತಿದ್ದಿದರೆ, ಮೂಲದವರು ಕಾದಿರಿಸಿಕೊಂಡ ಹೆಸರು ಬಿಟ್ಟು ಬೇರೆ ಹೆಸರಿಡಬೇಕು. ಬೇರೆ ಹೆಸರೆಂದ ಕೂಡಲೇ ನನಗೆ ನನ್ನದೇ ಹೊಳೆಯಿತು, ಹೇಳಲಿಲ್ಲ. ಇನ್ನೊಂದು ಷರತ್ತೆಂದರೆ, ಫಾಂಟನ್ನು ಒಂಟಿಯಾಗಿ ಮಾರುವಂತಿಲ್ಲ. ಆ್ಯಪಿನಂಥದ್ದರ ಜೊತೆ ಸೇರಿಸಿ ಮಾರಬಹುದು.

"ಅಂದ್ರ ನಿಮ್ಮ ಕವನದ ಆ್ಯಪಿಗೂ ಒಂದು ಉಪಯೋಗ ಬಂತು" ಎಂದಳು ಹೆಂಡತಿ.

ಯಾವ ಫಾಂಟು ನನ್ನ ಕಾವ್ಯದ ಘನತೆಗೆ ಒಪ್ಪುತ್ತದೆ ಎಂದು ಒಂದೇ ಕವನವನ್ನು ಎಲ್ಲದರಲ್ಲೂ ಪ್ರಿಂಟ್ ತೆಗೆಸಿ ಗೋಡೆಗೆ ಹಚ್ಚಿದೆ. ನೋಟೊದಲ್ಲಿ ಸರ್ಕಾರಿ ಸುತ್ತೋಲೆಯಂತೆ ಕಂಡಿತು, ಬಾಲೂ ತಮ್ಮದಲ್ಲಿ ಮಕ್ಕಳ ಪದ್ಯದಂತೆ. ಟಿರೊದಲ್ಲಿ ಹಳೇ ಪುಸ್ತಕದ ಗಾಂಭೀರ್ಯವಿತ್ತು. ಆದರೆ ಆ ಗಾಂಭೀರ್ಯಕ್ಕೆ ಕವನ ಸಾಲದಾಯಿತು.

ನಾನು ಇನ್ನೂ ತೂಗುತ್ತಿರುವಾಗಲೇ ಹೆಂಡತಿ ಗೋಡೆಯಿಂದ ಬಾಲೂ ತಮ್ಮದ ಹಾಳೆ ಕಿತ್ತುಕೊಂಡು ಮಗಳಿಗೆ ಫೋನ್ ಮಾಡಿದ್ದಾಳೆ. ಅವಳದು ಖಡಕ್ ರೊಟ್ಟಿಯ ವ್ಯಾಪಾರ. ವಾರದೊಳಗೆ ಪಾಕೀಟಿನ ಚೀಟಿ ಯಾದಗಿರಿಯಲ್ಲಿ ಅಚ್ಚಾಗಿ ಬಂತು. ದುಂಡಗಿನ ದಪ್ಪ ಅಕ್ಷರ, ಕನ್ನಡಕ ಇಲ್ಲದವರೂ ಓದಬಹುದು. ಮೊನ್ನೆ ಪ್ರೆಸ್ಸಿಗೆ ಹೋದಾಗ ನನ್ನ ಸಂಕಲನದ ಕರಡು ಏನಾಯಿತು ಎಂದು ಕೇಳಿದೆ. ಸ್ವಲ್ಪ ತಡೀರಿ, ಅಮ್ಮಾವರ ಚೀಟಿ ಎರಡನೇ ಮುದ್ರಣಕ್ಕೆ ಹತ್ತಿದೆ ಎಂದರು.