ಲೋಟೋಪನಿಷತ್ತು: ಆರನೇ ತರಗತಿಯ ಕರಗು-ಮೀಮಾಂಸೆ

ಪೀಠಿಕೆ: ನೀರಿನ ಲೋಟಕ್ಕೆ ಒಂದು ಚಮಚ ಏನನ್ನಾದರೂ ಸುರಿದು, ಕದಡಿ, ‘ಕರಗಿತು’ ಅಥವಾ ‘ಕರಗಲಿಲ್ಲ’ ಎಂದು ಬರೆಯುವ ವಿದ್ಯೆಗೆ ಶಾಸ್ತ್ರದ ಪಟ್ಟ ಇನ್ನೂ ಸಿಕ್ಕಿಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ. ಮೂಲಗ್ರಂಥ, ಆರನೇ ತರಗತಿ ಮಕ್ಕಳು ಬಹುಕಾಲ ಓದಿದ ಎನ್‌ಸಿಇಆರ್‌ಟಿಯ ವಿಜ್ಞಾನ ಪಠ್ಯ. ಅದರ ಪ್ರಕಾರ ಪದಾರ್ಥಗಳು ಐದು: ಸಕ್ಕರೆ, ಉಪ್ಪು, ಸೀಮೆಸುಣ್ಣದ ಪುಡಿ, ಮರಳು, ಮರದ ಹೊಟ್ಟು. ಲೋಟಗಳೂ ಐದು. ಪ್ರತಿಯೊಂದರಲ್ಲೂ ಮೂರರಲ್ಲಿ ಎರಡು ಪಾಲು ನೀರು.

ಪೂರ್ವಸೂರಿಗಳು: ಈ ಶಾಸ್ತ್ರದ ಆದ್ಯ ಆಚಾರ್ಯ ಉದ್ದಾಲಕ ಆರುಣಿ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಆತ ಮಗ ಶ್ವೇತಕೇತುವಿಗೆ ರಾತ್ರಿ ನೀರಿಗೆ ಉಪ್ಪು ಹಾಕಿಡಲು ಹೇಳಿ, ಬೆಳಗ್ಗೆ ಅದೇ ಉಪ್ಪನ್ನು ತೆಗೆದುಕೊಡು ಎನ್ನುತ್ತಾನೆ. ತಡಕಾಡಿದರೂ ಉಪ್ಪು ಸಿಗದು. ಆದರೆ ನೀರನ್ನು ಎಲ್ಲಿಂದ ಗುಟುಕರಿಸಿದರೂ ಉಪ್ಪುಪ್ಪೇ. ಅಪ್ಪನಿಗೆ ಬೇಕಿದ್ದದ್ದು ಆತ್ಮತತ್ತ್ವ. ನಮಗೆ ಸಾಕಾದದ್ದು ವೀಕ್ಷಣೆ: ಕರಗಿದ್ದು ಕಾಣುವುದಿಲ್ಲ, ನಾಶವೂ ಆಗುವುದಿಲ್ಲ, ದ್ರಾವಣದಲ್ಲೆಲ್ಲ ಸಮನಾಗಿ ಹರಡಿರುತ್ತದೆ. ಪೂರ್ಣಾಂಕ ಕೊಡಬಹುದಿತ್ತು. ಆದರೆ ಪ್ರಯೋಗಶಾಲೆಯಲ್ಲಿ ಏನನ್ನೂ ಬಾಯಿಗೆ ಹಾಕಬಾರದೆಂಬ ನಿಯಮವನ್ನು ಶ್ವೇತಕೇತು ಒಂದೇ ಬೆಳಗ್ಗೆ ಮೂರು ಸಲ ಮುರಿದಿದ್ದಾನೆ.

ಪೂರ್ವಪಕ್ಷ: ಕಾಫಿ ಲೋಟದ ತಳದಲ್ಲಿ ಸಕ್ಕರೆ ಉಳಿಯುತ್ತದೆ, ಆದ್ದರಿಂದ ಕಾಫಿ ಇನ್ನಷ್ಟು ಕರಗಿಸಿಕೊಳ್ಳಲಾರದ ಪರ್ಯಾಪ್ತ ದ್ರಾವಣ ಎಂಬುದು ಮನೆಯ ಹಿರಿಯರ ವಾದ.

ಸಿದ್ಧಾಂತ: ಅಲ್ಲ. ತಣ್ಣನೆಯ 100 ಮಿ.ಲೀ. ನೀರೇ ಸುಮಾರು 200 ಗ್ರಾಂ ಸಕ್ಕರೆಯನ್ನು ಜೀರ್ಣಿಸಿಕೊಳ್ಳುತ್ತದೆ. ಕಾಯಿಸಿದರೆ 300 ಗ್ರಾಂ ದಾಟುತ್ತದೆ. ಎರಡು ಚಮಚಕ್ಕೆ ಅದು ಸೋಲುವುದುಂಟೇ? ತಳದಲ್ಲಿ ಸಕ್ಕರೆ ಉಳಿಯಲು ಕಾರಣ ಒಂದೇ, ಕದಡಿಲ್ಲ. ಇನ್ನು ಉಪ್ಪಿನದು ಬೇರೆಯೇ ಸ್ವಭಾವ. ತಣ್ಣೀರಿನಲ್ಲಿ 36 ಗ್ರಾಂ, ಕುದಿವ ನೀರಿನಲ್ಲಿ 39 ಗ್ರಾಂ. ಬಿಸಿಗೆ ಅದು ಸೊಪ್ಪೇ ಹಾಕುವುದಿಲ್ಲ.

ವಿವಾದಗಳು: ಕೋಷ್ಟಕದಲ್ಲಿ ‘ಕರಗಿತು’, ‘ಕರಗಲಿಲ್ಲ’ ಎಂಬ ಅಂಕಣ ಎರಡೇ ಆದ್ದರಿಂದ, ಪಟ್ಟಿಯೊಳಗಿನ ಒಂದು, ಹೊರಗಿನ ಎರಡು, ಹೀಗೆ ಮೂರು ಪದಾರ್ಥಗಳು ಬೀದಿಪಾಲಾಗಿವೆ.

ಒಂದು, ಸೀಮೆಸುಣ್ಣ. ಅದು ‘ಕರಗುವುದಿಲ್ಲ’ ಎಂದು ಗೈಡುಗಳೆಲ್ಲ ಒಕ್ಕೊರಲಿನಿಂದ ಸಾರುತ್ತವೆ. ಆದರೆ ಈಗಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂ. ಲೀಟರ್ ನೀರಿನಲ್ಲಿ ಎರಡು ಗ್ರಾಂಗೂ ತುಸು ಹೆಚ್ಚೇ ಅದು ಸದ್ದಿಲ್ಲದೆ ಕರಗುತ್ತದೆ.

ಎರಡು, ಹಾಲು. ನೀರಿಗೆ ಬೆರೆತ ಹಾಲು ತಳ ಸೇರುವುದಿಲ್ಲ, ಹಾಗೆಂದು ಕರಗಿಯೂ ಇಲ್ಲ, ಅದು ಕಲಿಲ. ನಿರ್ಣಯಕ್ಕೆ ಹಂಸಪಕ್ಷಿ ದೊರೆಯದಿದ್ದಲ್ಲಿ ಮೊಬೈಲ್ ಟಾರ್ಚ್ ಸಾಕು. ಕತ್ತಲ ಕೋಣೆಯಲ್ಲಿ ನಾಲ್ಕು ಹನಿ ಹಾಲು ಬೆರೆಸಿದ ನೀರಿಗೆ ಬೆಳಕು ಬಿಟ್ಟರೆ ಅದರ ಜಾಡು ಎದ್ದು ಕಾಣುತ್ತದೆ, ಉಪ್ಪುನೀರಿನಲ್ಲಿ ಕಾಣದು. ಇದಕ್ಕೆ ಟಿಂಡಾಲ್ ಪರಿಣಾಮವೆಂದು ಹೆಸರು.

ಮೂರು, ಅರಿಶಿನ. ಸ್ಟೀಲ್ ಲೋಟಕ್ಕೆ ಒಂದು ಚಿಟಿಕೆ ಹಾಕಿದರೆ ಸಾಕು, ನೀರೆಲ್ಲ ಹಳದಿ. ಹುಡುಗ ‘ಕರಗಿತು’ ಎಂದು ಬರೆದು ಬೀಗುತ್ತಾನೆ. ಲೋಟ ಅಲುಗಾಡಿಸದೆ ಇಟ್ಟರೆ ಪುಡಿ ಮೆಲ್ಲಗೆ ತಳಕ್ಕಿಳಿದು ಪಾಯಸದ ಗಸಿಯಂತೆ ಕೂರುತ್ತದೆ. ಬಣ್ಣದ ಒಡೆಯ ಕರ್ಕ್ಯುಮಿನ್‌ಗೆ ನೀರೆಂದರೆ ಅಲರ್ಜಿ, ಎಣ್ಣೆಯೆಂದರೆ ನಂಟು. ಒಗ್ಗರಣೆಯಲ್ಲಿ ಅರಿಶಿನ ಹೊಳೆಯುವುದೂ ಇದರಿಂದಲೇ. ಅದೇ ಲೋಟಕ್ಕೆ ಎಲೆಯಡಿಕೆಯ ಸುಣ್ಣ ತಾಗಿಸಿದರೆ ನೀರು ಕೆಂಪೇರುತ್ತದೆ. ಇದು ಪ್ರತ್ಯಾಮ್ಲದ ಪರೀಕ್ಷೆ. ಆರತಿಯ ಓಕುಳಿ ಕಲಸುವ ಅಜ್ಜಿಯರು ಯಾವ ರೆಕಾರ್ಡ್ ಪುಸ್ತಕವನ್ನೂ ಬರೆಯದೆ ಇದನ್ನು ಮಾಡುತ್ತ ಬಂದಿದ್ದಾರೆ.

ಉಪಸಂಹಾರ: ಸದ್ಯ ಚಾಲ್ತಿಯಲ್ಲಿರುವ ವಿಧಾನ ಹೀಗಿದೆ: ಮೊದಲು ಗೈಡ್ ನೋಡಿ ತೀರ್ಮಾನ ಬರೆಯುವುದು, ಆಮೇಲೆ ವೀಕ್ಷಣೆ, ಸಮಯ ಉಳಿದರೆ ನೀರು. ಈ ಕ್ರಮದಲ್ಲಿ ತಪ್ಪು ಉತ್ತರ ಬರುವ ಸಂಭವವೇ ಇಲ್ಲ, ಹೊಸದೇನಾದರೂ ಕಾಣುವ ಅಪಾಯವೂ ಇಲ್ಲ. ಆದ್ದರಿಂದ ಮೇಷ್ಟ್ರುಗಳಲ್ಲಿ ವಿನಂತಿ: ಕೋಷ್ಟಕಕ್ಕೆ ‘ಸ್ವಲ್ಪ ಕರಗಿತು, ಉಳಿದದ್ದು ನಾಳೆ ನೋಡಬೇಕು’ ಎಂಬ ಮೂರನೇ ಅಂಕಣ ಎಳೆಯಿರಿ, ಹಾಗೆ ಬರೆದ ಹುಡುಗನಿಗೂ ಅಂಕ ಕೊಡಿ. ಮತ್ತೆ, ಲೋಟಗಳನ್ನು ತೊಳೆದು ಸಂಜೆಯೊಳಗೆ ಅಡುಗೆಮನೆಗೆ ವಾಪಸು ಕಳಿಸಿ.